ಹದಿನಾರಕ್ಕೆ ಮನೆ ಬಿಡುವ ಅಳಿಯ: ಐಸ್ ಹಾಕಿ ಎಂಬ ಕಸುಬಿನ ಲೆಕ್ಕಾಚಾರ

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಕಟಪಾಡಿ. ತಂಗಿಯ ಕುಟುಂಬ ಕೆನಡಾದ ಕ್ಯಾಲ್ಗರಿಯಲ್ಲಿದೆ. ಅವಳ ಮಗನಿಗೆ ಈ ವರ್ಷ ಹದಿನಾರು ತುಂಬುತ್ತದೆ. ಸಣ್ಣವನಿದ್ದಾಗಿನಿಂದ ಐಸ್ ಹಾಕಿ ಆಡುತ್ತಿದ್ದಾನೆ. ವೆಸ್ಟರ್ನ್ ಹಾಕಿ ಲೀಗಿನ ತಂಡವೊಂದು ಕಳೆದ ವರ್ಷ, ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನನ್ನು ಆರಿಸಿತ್ತು. ಈ ಸೆಪ್ಟೆಂಬರಿಗೆ ಸಸ್ಕಾಚೆವಾನ್ ಪ್ರಾಂತ್ಯಕ್ಕೆ ಬಂದು ಸೇರಬೇಕು ಎಂದಿದೆ. ಯಾರದೋ ಮನೆಯಲ್ಲಿ ಉಳಿದು, ಅಲ್ಲಿನ ಶಾಲೆಗೆ ಹೋಗುತ್ತಾ ಆಡಬೇಕಂತೆ. ಭಾವ ಹೋಗಲಿ ಎನ್ನುತ್ತಾರೆ, ತಂಗಿ ಅಳುತ್ತಾಳೆ. ಓದು ಹಾಳಾಗುತ್ತದೆ, ಮಣಿಪಾಲಕ್ಕೆ ಬಂದು ಎಂಜಿನಿಯರಿಂಗ್ ಮಾಡಲಿ ಎನ್ನುವುದು ನಮ್ಮ ಅಮ್ಮನ ಹಟ. ಈ ಮಧ್ಯೆ ಬೇಸಿಗೆಯ ವಿಶೇಷ ತರಬೇತಿಗೆ ಐದು ಲಕ್ಷ ಕೊಡಲಾದೀತೇ ಎಂದು ನನ್ನಲ್ಲಿ ಕೇಳಿದ್ದಾರೆ. ಇದು ಜೀವನ ಕಟ್ಟಿಕೊಳ್ಳುವಂಥ ಕೆಲಸವೇ? ಮುಂದೆ ಅವನು ಭಾರತಕ್ಕೆ ಆಡಬಹುದೇ? ಮಾವನಾಗಿ ನಾನು ಏನು ಹೇಳಲಿ?

ಉತ್ತರ: ಹುಡುಗ ಹೋಗಲಿ ಎಂಬುದೇ ನನ್ನ ಅಭಿಪ್ರಾಯ. ಐದು ಲಕ್ಷವನ್ನು ಮಾತ್ರ ಈಗ ಕೊಡಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ.

ನಾನು ಫಿಸಿಯೋಥೆರಪಿಸ್ಟ್. ಪಶ್ಚಿಮ ಕೆನಡಾದಲ್ಲಿ ನಿಮ್ಮ ಅಳಿಯನ ವಯಸ್ಸಿನ ಹುಡುಗರ ಹಾಕಿ ತಂಡವೊಂದರ ಜೊತೆ ಕೆಲಸ ಮಾಡಿ, ಈಗ ಮಂಗಳೂರಿನಲ್ಲಿ ಕಬಡ್ಡಿ, ವಾಲಿಬಾಲ್ ಆಡುವವರ ಮಂಡಿ, ಭುಜ ನೋಡುತ್ತಿದ್ದೇನೆ. ಅಲ್ಲಿನ ಅಪ್ಪ ಅಮ್ಮಂದಿರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇವನು ಎನ್‌ಎಚ್‌ಎಲ್‌ಗೆ (ಅಲ್ಲಿನ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ಹೋಗುತ್ತಾನಾ? ಹದಿನಾರನೇ ವಯಸ್ಸಿನಲ್ಲಿ ಅದಕ್ಕೆ ಯಾರಲ್ಲೂ ಉತ್ತರ ಇರುವುದಿಲ್ಲ. ನೀವು ಅದನ್ನು ಬದಿಗಿಟ್ಟು ಬೇರೊಂದು ಪ್ರಶ್ನೆ ಕೇಳಿ. ಈ ವರ್ಷದ ಕೊನೆಗೆ ಆಟ ನಿಂತೇ ಹೋಯಿತು ಎಂದಿಟ್ಟುಕೊಳ್ಳಿ, ಹುಡುಗನ ಕೈಯಲ್ಲಿ ಏನು ಉಳಿದಿರುತ್ತದೆ? ಈ ಪ್ರಶ್ನೆಯನ್ನು ಪ್ರತಿ ವರ್ಷವೂ ಕೇಳಬೇಕು. ಉಳಿಯುವಂಥದ್ದು ಏನಾದರೂ ಇರುವವರೆಗೆ ಮುಂದುವರಿಯಲಿ.

ಹಾಗೆ ಯೋಚಿಸಲು ಕಾರಣ ಸರಳ ಗಣಿತ. ಎನ್‌ಎಚ್‌ಎಲ್‌ನಲ್ಲಿ ಈಗ 32 ತಂಡಗಳಿವೆ, ಒಂದು ತಂಡದ ಪಟ್ಟಿಯಲ್ಲಿ ಗರಿಷ್ಠ 23 ಆಟಗಾರರು. ಒಟ್ಟು 736 ಜಾಗ. ಪ್ರತಿ ವರ್ಷದ ಡ್ರಾಫ್ಟ್‌ನಲ್ಲಿ ಏಳು ಸುತ್ತು, ಅಂದರೆ 224 ಹೊಸ ಹೆಸರು. ಇರುವ 736 ಜಾಗಗಳಲ್ಲಿ ಆಗಲೇ ಕೂತವರು ಎದ್ದರೆ ಮಾತ್ರ ಇವರಿಗೆ ಎಡೆ. ಡ್ರಾಫ್ಟ್ ಆದವರಲ್ಲೂ ಎಷ್ಟೋ ಮಂದಿ ಎನ್‌ಎಚ್‌ಎಲ್‌ನ ಒಂದೇ ಒಂದು ಪಂದ್ಯ ಆಡದೆ ಉಳಿಯುತ್ತಾರೆ. ನಿಮ್ಮ ಅಳಿಯ ಸೇರಲಿರುವ ವೆಸ್ಟರ್ನ್ ಲೀಗ್, ಒಂಟಾರಿಯೊ ಲೀಗ್, ಕ್ವಿಬೆಕ್ ಲೀಗ್ ಈ ಮೂರೂ ಸೇರಿದರೆ 60ಕ್ಕೂ ಹೆಚ್ಚು ತಂಡಗಳಿವೆ. 16ರಿಂದ 20 ವಯಸ್ಸಿನ ಸಾವಿರಕ್ಕೂ ಮಿಕ್ಕ ಹುಡುಗರು. ಅವರಲ್ಲಿ ಒಬ್ಬೊಬ್ಬನೂ ತನ್ನ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನೇ.

ಇಷ್ಟೆಲ್ಲ ಗೊತ್ತಿದ್ದೂ ಹೋಗಲಿ ಎಂದೆನಲ್ಲ, ಅದಕ್ಕೆ ಮೊದಲ ಕಾರಣ ಓದು. ಅಮ್ಮನವರಿಗೆ ಇದನ್ನು ಸಾವಕಾಶವಾಗಿ ಹೇಳಿ. ವೆಸ್ಟರ್ನ್ ಲೀಗಿನಲ್ಲಿ ಒಂದು ಋತು ಆಡಿದರೆ ಕಾಲೇಜಿನ ಒಂದು ವರ್ಷದ ಬೋಧನಾ ಶುಲ್ಕ, ಕಡ್ಡಾಯ ಶುಲ್ಕ ಮತ್ತು ಪುಸ್ತಕದ ಖರ್ಚು ಲೀಗಿನ ವಿದ್ಯಾರ್ಥಿವೇತನದಿಂದ ಬರುತ್ತದೆ. ನಾಲ್ಕು ಋತು ಆಡಿದರೆ ನಾಲ್ಕು ವರ್ಷ. ಷರತ್ತುಗಳು ಇದ್ದೇ ಇವೆ. ಎಷ್ಟು ಸಮಯದೊಳಗೆ ಬಳಸಬೇಕು, ಮಿತಿ ಎಷ್ಟು, ಪ್ರೊ (ವೃತ್ತಿಪರ) ಒಪ್ಪಂದಕ್ಕೆ ಸಹಿ ಹಾಕಿದರೆ ಅದು ಏನಾಗುತ್ತದೆ ಎಂಬುದೆಲ್ಲ ಕರಾರು ಪತ್ರದಲ್ಲೇ ಇರಬೇಕು. ಭಾವ ಆ ಪುಟಗಳನ್ನು ಓದಿದ್ದಾರೆಯೇ ಎಂದು ಕೇಳಿ. ಓದಿಲ್ಲವಾದರೆ ಸಹಿಗೆ ಮೊದಲು ಓದಲಿ, ಬೇಕಿದ್ದರೆ ವಕೀಲರೊಬ್ಬರಿಗೆ ತೋರಿಸಲಿ.

ಇನ್ನೊಂದು ದೊಡ್ಡ ಬದಲಾವಣೆ ಇತ್ತೀಚಿನದು. ಮೊದಲೆಲ್ಲ ಈ ಜೂನಿಯರ್ ಲೀಗಿನಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಅಡಿಯ ವಿಶ್ವವಿದ್ಯಾಲಯ ತಂಡಗಳ ಬಾಗಿಲು ಮುಚ್ಚಿಬಿಡುತ್ತಿತ್ತು. ಹದಿನೈದು ಹದಿನಾರರ ಹುಡುಗ ಇದೋ ಅದೋ ಎಂದು ಆಗಲೇ ತೀರ್ಮಾನಿಸಬೇಕಿತ್ತು. 2024ರ ನವೆಂಬರಿನಲ್ಲಿ ಎನ್‌ಸಿಎಎ ಆ ನಿಯಮ ಬದಲಿಸಿತು, 2025ರ ಆಗಸ್ಟ್‌ನಿಂದ ಹೊಸದು ಜಾರಿಗೆ ಬಂದಿದೆ. ಮೆಡಿಸಿನ್ ಹ್ಯಾಟ್ ತಂಡದಲ್ಲಿ ಆಡುತ್ತಿದ್ದ ಗ್ಯಾವಿನ್ ಮೆಕೆನ್ನಾ ಎಂಬ ಅಪ್ರತಿಮ ಹುಡುಗ ಅದೇ ವರ್ಷ ವೆಸ್ಟರ್ನ್ ಲೀಗ್ ಬಿಟ್ಟು ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಹಾಗಾಗಿ ಈಗ ಜೂನಿಯರ್ ಲೀಗಿಗೆ ಹೋಗುವುದೆಂದರೆ ಓದಿಗೆ ಬೆನ್ನು ಹಾಕುವುದಲ್ಲ. ಕೆನಡಾದೊಳಗಿನ ವಿಶ್ವವಿದ್ಯಾಲಯ ತಂಡಗಳಲ್ಲೂ ಹೆಚ್ಚಿನವರು ಇದೇ ಲೀಗುಗಳಿಂದ ಬಂದವರು. ವಿದ್ಯಾರ್ಥಿವೇತನದಲ್ಲಿ ಪದವಿ ಮುಗಿಸುತ್ತಾ ಆಡುತ್ತಿರುತ್ತಾರೆ.

ಎಚ್ಚರ ಬೇಕಾದ ಜಾಗ ಒಂದಿದೆ. ಬಸ್ಸು, ಅಭ್ಯಾಸ, ಪಂದ್ಯಗಳ ನಡುವೆ ಹೈಸ್ಕೂಲು ಹೇಗೋ ಮುಗಿದರೆ ಸಾಕೆಂದು ಹುಡುಗರು ಸುಲಭದ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ ಎಂಜಿನಿಯರಿಂಗ್ ಬೇಕೆಂದರೆ ಗಣಿತವೂ ಇಲ್ಲ, ಭೌತಶಾಸ್ತ್ರವೂ ಇಲ್ಲ. ಎನ್‌ಸಿಎಎ ಕೂಡ ಹೈಸ್ಕೂಲಿನ 16 ಮೂಲ ವಿಷಯಗಳನ್ನು ಕೇಳುತ್ತದೆ. ತಂಡಕ್ಕೆ ಒಬ್ಬ ಶಿಕ್ಷಣ ಸಲಹೆಗಾರ ಇರುತ್ತಾರೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರನ್ನೂ ಬಿಡದೆ ವೇಳಾಪಟ್ಟಿ ಮಾಡಿಕೊಡಿ ಎಂದು ತಂಗಿ ಆಗಸ್ಟಿನಲ್ಲೇ ಅವರಿಗೆ ಬರೆಯಲಿ. ಮಣಿಪಾಲದ ಆಸೆಯೂ ಆಗ ಜೀವಂತ ಇರುತ್ತದೆ.

ಈಗ ತಂಗಿಯ ಕಣ್ಣೀರಿನ ವಿಷಯ. ಪರರ ಮನೆಯಲ್ಲಿ ಮಗನನ್ನು ಬಿಡುವುದು ಕೆನಡಾದ ಹಾಕಿಯಲ್ಲಿ ಹಳೆಯ ಪದ್ಧತಿ. ಬಿಲೆಟ್ ಮನೆ ಎನ್ನುತ್ತಾರೆ. ತಂಡವೇ ಊರಿನ ಕುಟುಂಬಗಳನ್ನು ಗೊತ್ತುಮಾಡಿ, ಹುಡುಗನ ಊಟ ವಸತಿಗೆ ತಿಂಗಳಿಗಿಷ್ಟು ಎಂದು ಕೊಡುತ್ತದೆ. ನಾನು ಕಂಡ ಬಹಳಷ್ಟು ಬಿಲೆಟ್ ತಾಯಂದಿರು ಹುಡುಗರನ್ನು ಸ್ವಂತ ಮಕ್ಕಳಂತೆ ನೋಡಿಕೊಂಡವರು. ಪಂದ್ಯ ಸೋತು ಮಧ್ಯರಾತ್ರಿ ಬರುವವನಿಗೆ ಎದ್ದು ಊಟ ಬಿಸಿ ಮಾಡಿಕೊಡುತ್ತಿದ್ದರು. ಆದರೂ ತಂಗಿಯ ಹೆದರಿಕೆಗೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ಇದೇ ವೆಸ್ಟರ್ನ್ ಲೀಗಿನಲ್ಲಿ ಆಡಿ ಎನ್‌ಎಚ್‌ಎಲ್ ಮುಟ್ಟಿದ ಶೆಲ್ಡನ್ ಕೆನಡಿ, ತನ್ನ ಜೂನಿಯರ್ ಕೋಚ್ ಗ್ರಹಾಂ ಜೇಮ್ಸ್ ವರ್ಷಗಟ್ಟಲೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು ಹೊರಗೆ ಹೇಳಿದಾಗ ಇಡೀ ದೇಶ ಬೆಚ್ಚಿತ್ತು; 1997ರಲ್ಲಿ ಜೇಮ್ಸ್‌ಗೆ ಜೈಲಾಯಿತು. ಆ ಕೋಚ್ ಊರಿನಲ್ಲಿ ಗೌರವಸ್ಥನಾಗಿದ್ದ, ಹುಡುಗರ ಭವಿಷ್ಯ ಅವನ ಕೈಯಲ್ಲಿತ್ತು, ಮನೆ ದೂರವಿತ್ತು. ಕೆನಡಿ ಅಂಥವರು ಬಾಯಿಬಿಟ್ಟ ಮೇಲೆ ನಿಯಮಗಳು ಬಿಗಿಯಾಗಿವೆ, ತರಬೇತುದಾರರಿಗೆ ಕಡ್ಡಾಯ ಶಿಕ್ಷಣ ಬಂದಿದೆ. ಆದರೆ ನಿಯಮದಷ್ಟೇ ಕಾಪಾಡುವಂಥದ್ದು, ಹುಡುಗ ಏನನ್ನಾದರೂ ಹೇಳಿಕೊಳ್ಳಬಹುದಾದ ಒಬ್ಬ ಹಿರಿಯ. ಆಟದ ಬಗ್ಗೆ ಅಭಿಪ್ರಾಯ ಇಲ್ಲದ, ತಂಡಕ್ಕೆ ಸಂಬಂಧ ಇಲ್ಲದ ಹಿರಿಯ.

ಅಳಿಯಸಂತಾನದ ನಾಡಿನವರು ನೀವು. ಸೋದರಮಾವನ ಜಾಗ ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ವಾರಕ್ಕೊಂದು ದಿನ ನೀವೇ ಫೋನ್ ಮಾಡಿ. ಸಸ್ಕಾಚೆವಾನ್‌ನಲ್ಲಿ ರಾತ್ರಿ ಒಂಬತ್ತಾದಾಗ ನಿಮಗೆ ಮರುದಿನ ಬೆಳಗ್ಗೆ ಎಂಟೂವರೆ. ಬಹುತೇಕ ಇಡೀ ಪ್ರಾಂತ್ಯ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲವಾದ್ದರಿಂದ ವರ್ಷವಿಡೀ ಇದೇ ಲೆಕ್ಕ. ಗೋಲು ಎಷ್ಟು ಹೊಡೆದೆ ಎಂದು ಕೇಳಬೇಡಿ, ಅದನ್ನು ಅವನಪ್ಪ ಕೇಳಿರುತ್ತಾರೆ. ನಿದ್ದೆ ಬರುತ್ತದೆಯೇ, ಆ ಮನೆಯಲ್ಲಿ ಯಾರ ಜೊತೆ ಊಟ ಮಾಡುತ್ತೀ, ತಂಡದಲ್ಲಿ ದೊಡ್ಡ ಹುಡುಗರು ಹೇಗಿದ್ದಾರೆ ಎಂದು ಕೇಳಿ.

ತಲೆನೋವಿದೆಯೇ ಎಂದೂ ಕೇಳಿ. ಈ ಮಾತನ್ನು ಸ್ವಲ್ಪ ವಿಸ್ತರಿಸಲೇಬೇಕು, ಏಕೆಂದರೆ ನನ್ನ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಟ್ಟದ್ದು ಮಿದುಳಿಗೆ ಬೀಳುವ ಪೆಟ್ಟು. ಐಸ್ ಹಾಕಿ ಓಟದ ಆಟಗಳಿಗಿಂತ ವೇಗದ್ದು. ಆಟಗಾರ ಒಮ್ಮೆಗೆ 40-50 ಸೆಕೆಂಡು ಮಾತ್ರ ಮಂಜಿನ ಮೇಲಿದ್ದು, ಉಸಿರು ಕಟ್ಟುವಷ್ಟು ಶಕ್ತಿ ಸುರಿದು, ಬೆಂಚಿಗೆ ಮರಳುತ್ತಾನೆ, ಮತ್ತೊಬ್ಬ ಜಿಗಿಯುತ್ತಾನೆ. ಸುತ್ತ ಗಟ್ಟಿ ಹಲಗೆಯ ಗೋಡೆ. ದೇಹದಿಂದ ದೇಹಕ್ಕೆ ಡಿಕ್ಕಿ ಹೊಡೆಯುವುದು ನಿಯಮದೊಳಗೇ ಇದೆ. ಹದಿನಾರರವನು ಅಲ್ಲಿ ಇಪ್ಪತ್ತರ ಗಂಡಸರ ಎದುರು ಆಡಬೇಕು. ತಲೆಗೆ ನೇರ ಏಟು ಬೀಳಲೇಬೇಕೆಂದೂ ಇಲ್ಲ; ಮೈ ಜೋರಾಗಿ ಕುಲುಕಿದರೂ ಒಳಗೆ ಮಿದುಳು ಅಲುಗುತ್ತದೆ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಬೆಳಕು ಕಣ್ಣಿಗೆ ಚುಚ್ಚುವುದು, ಓದಿದ ಸಾಲನ್ನೇ ಮತ್ತೆ ಓದುವುದು, ಕಾರಣವಿಲ್ಲದ ಸಿಡುಕು, ನಿದ್ದೆಯ ಏರುಪೇರು, ಇವೇ ಗುರುತು.

ಅನುಮಾನ ಬಂದ ಕ್ಷಣ ಆಟದಿಂದ ಹೊರಗೆ, ಅಂದು ಮತ್ತೆ ಆಡುವಂತಿಲ್ಲ. ಒಂದೆರಡು ದಿನ ವಿಶ್ರಾಂತಿ, ನಂತರ ಹಗುರ ನಡಿಗೆ, ಹಗುರ ವ್ಯಾಯಾಮ, ಡಿಕ್ಕಿಯಿಲ್ಲದ ಸ್ಕೇಟಿಂಗ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಒಂದೊಂದು ಮೆಟ್ಟಿಲಿಗೆ ಕಡಿಮೆಯೆಂದರೆ ಒಂದು ದಿನ. ಶಾಲೆಗೆ ಪೂರ್ತಿ ಮರಳಿದ ಮೇಲೆಯೇ, ವೈದ್ಯರು ಒಪ್ಪಿದ ಮೇಲೆಯೇ ಡಿಕ್ಕಿಯ ಆಟ. ಹದಿಹರೆಯದವರಿಗೆ ಇದಕ್ಕೆ ನಾಲ್ಕು ವಾರ ಹಿಡಿದರೆ ಆಶ್ಚರ್ಯವಿಲ್ಲ. ಕಷ್ಟ ಇರುವುದು ಇಲ್ಲಿಯೇ. ಆ ನಾಲ್ಕು ವಾರದಲ್ಲಿ ತನ್ನ ಜಾಗಕ್ಕೆ ಬೇರೊಬ್ಬ ಬರುತ್ತಾನೆಂದು ಹುಡುಗನಿಗೆ ಗೊತ್ತು. ಆದ್ದರಿಂದ ಮುಚ್ಚಿಡುತ್ತಾನೆ. ನನ್ನ ಎದುರು ಕೂತು, ಏನೂ ಇಲ್ಲ ಎಂದು ನಗುತ್ತಾ ಹೇಳಿ, ಕೋಣೆಯ ದೀಪ ಆರಿಸಬಹುದೇ ಎಂದು ಕೇಳಿದ ಹುಡುಗರಿದ್ದಾರೆ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಪರಿಣಾಮ ಬಹಳ ಕೆಟ್ಟದ್ದು. ನಾಲ್ಕು ವಾರ ಹೋದರೆ ಜಾಗ ಹೋಗಬಹುದು, ಹೋಗಲಿ ಮಗಾ, ಎಂದು ಮೊದಲೇ ಹೇಳಿಡುವವರು ಮನೆಯಲ್ಲಿ ಒಬ್ಬರಿರಬೇಕು. ನೀವು ಹೇಳಿ.

ಹೊಡೆದಾಟದ ಬಗ್ಗೆ ನನ್ನ ನಿಲುವು ಸ್ಪಷ್ಟ. ಕೈಗವಸು ಬಿಸಾಡಿ ಗುದ್ದಾಡಿದರೆ ಐದು ನಿಮಿಷದ ಶಿಕ್ಷೆ, ಮತ್ತೆ ಆಟ. ಈ ಪದ್ಧತಿ ಹದಿಹರೆಯದವರ ಆಟದಲ್ಲಿ ಇರಲೇಬಾರದು. ಕ್ವಿಬೆಕ್ ಲೀಗ್ 2023ರಲ್ಲಿ ಗುದ್ದಾಡಿದವರನ್ನು ಪಂದ್ಯದಿಂದ ಹೊರಹಾಕುವ ನಿಯಮ ತಂದಿತು. ವೆಸ್ಟರ್ನ್ ಲೀಗಿನಿಂದಲೇ ಬಂದ ಡೆರೆಕ್ ಬೂಗಾರ್ಡ್ ಗುದ್ದಾಟಕ್ಕೆಂದೇ ಎನ್‌ಎಚ್‌ಎಲ್‌ನಲ್ಲಿ ಹೆಸರಾದವನು. ನೋವಿನ ಮಾತ್ರೆಗಳಿಗೆ ಸಿಕ್ಕಿ 2011ರಲ್ಲಿ 28ನೇ ವಯಸ್ಸಿಗೆ ತೀರಿಕೊಂಡ. ಮರಣಾನಂತರ ಪರೀಕ್ಷಿಸಿದಾಗ ಅವನ ಮಿದುಳಿನಲ್ಲಿ ಪದೇ ಪದೇ ಪೆಟ್ಟು ತಿಂದವರಿಗೆ ಬರುವ ಸವೆತದ ಕಾಯಿಲೆ ಕಂಡಿತು. ನಿಮ್ಮ ಅಳಿಯನಿಗೆ ಯಾರಾದರೂ ಅಂಥ ಪಾತ್ರ ಕೊಡಲು ಹೊರಟರೆ ಮನೆಗೆ ಕರೆಸಿಕೊಳ್ಳಿ. ಕತ್ತಿನ ಕವಚದ ವಿಷಯದಲ್ಲೂ ರಾಜಿ ಬೇಡ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪಂದ್ಯವೊಂದರಲ್ಲಿ ಸ್ಕೇಟಿನ ಅಲಗು ಕುತ್ತಿಗೆಗೆ ತಾಗಿ ಆಡಂ ಜಾನ್ಸನ್ ಅಸುನೀಗಿದ ಮೇಲೆ ವೆಸ್ಟರ್ನ್ ಲೀಗ್ ಅದನ್ನು ಕಡ್ಡಾಯ ಮಾಡಿದೆ.

ಹೊಟ್ಟೆಪಾಡಿನ ಪ್ರಶ್ನೆಗೆ ಬರೋಣ. ಎಲ್ಲರೂ ನೋಡುವುದು ಮೇಲಿನ ತುದಿಯನ್ನು. ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ 2025-26ರಲ್ಲಿ ವರ್ಷಕ್ಕೆ 7,75,000 ಡಾಲರ್, 2026-27ಕ್ಕೆ 8,50,000. ತೆರಿಗೆ, ಏಜೆಂಟರ ಪಾಲು ಕಳೆದರೂ ದೊಡ್ಡ ಮೊತ್ತವೇ. ಆದರೆ ಹೊಸಬರಲ್ಲಿ ಹೆಚ್ಚಿನವರ ಒಪ್ಪಂದ ಎರಡು ದರದ್ದು. ಮೇಲಿನ ತಂಡದಲ್ಲಿದ್ದ ದಿನಗಳಿಗೆ ಒಂದು ದರ, ಅದರ ಕೆಳಗಿನ ಲೀಗ್ ಆದ ಎಎಚ್‌ಎಲ್‌ಗೆ ಕಳಿಸಿದ ದಿನಗಳಿಗೆ ಇನ್ನೊಂದು. ಎರಡನೆಯದು ಮೊದಲಿನದರ ಹತ್ತನೇ ಒಂದು ಭಾಗವೂ ಇಲ್ಲದಿರಬಹುದು. ಬೆಳಗ್ಗೆ ಫೋನ್ ಬಂದರೆ ಸಂಜೆಯೊಳಗೆ ಊರು ಬದಲು. ಬೇರೆ ತಂಡಕ್ಕೆ ಮಾರಿದರೂ ಅಷ್ಟೇ, ಒಪ್ಪಂದದಲ್ಲಿ ತಡೆಯಿಲ್ಲದಿದ್ದರೆ ಹೋಗಲೇಬೇಕು.

ಅದಕ್ಕೂ ಕೆಳಗಿನದು ಇಸಿಎಚ್‌ಎಲ್. ಅಲ್ಲಿನ ಬದುಕು ನಮ್ಮ ಯಕ್ಷಗಾನ ಮೇಳದ ತಿರುಗಾಟವೇ ಸರಿ: ರಾತ್ರಿ ಆಟ, ಬಸ್ಸಿನಲ್ಲಿ ನಿದ್ದೆ, ಬೆಳಗಾದರೆ ಇನ್ನೊಂದು ಊರು, ಮುಂದಿನ ವರ್ಷ ಯಾವ ಮೇಳವೋ ಗೊತ್ತಿಲ್ಲ, ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲಕ್ಕೆ ಬೇರೆ ದುಡಿಮೆ. ಸಂಬಳ ವಾರದ ಲೆಕ್ಕದಲ್ಲಿ, ಋತು ಇರುವಷ್ಟು ವಾರ ಮಾತ್ರ. ವಸತಿ ತಂಡದ್ದು. ಬೇಸಿಗೆಯಲ್ಲಿ ಮಕ್ಕಳಿಗೆ ಕಲಿಸುವುದು, ಕಟ್ಟಡದ ಕೆಲಸ, ಏನು ಸಿಕ್ಕಿದರೂ. ಆದರೂ ಪ್ರೀತಿಯಿಂದ ಆಡುವವರಿದ್ದಾರೆ, ನನಗೆ ಅವರ ಮೇಲೆ ಅಪಾರ ಗೌರವ. ಸ್ವೀಡನ್, ಫಿನ್ಲೆಂಡ್, ಸ್ವಿಜರ್ಲೆಂಡ್, ಜರ್ಮನಿಯ ಲೀಗುಗಳು ಇವಕ್ಕಿಂತ ಎಷ್ಟೋ ವಾಸಿ. ಅಲ್ಲಿ ಮೂವತ್ತು ದಾಟುವವರೆಗೆ ಆಡಿ, ಸಂಸಾರ ನಡೆಸಿದವರು ಬಹಳ. ಐಸ್ ಹಾಕಿ ವೃತ್ತಿಗಾರ ಎಂದಾಗ ನೀವು ಕಣ್ಣಮುಂದೆ ತಂದುಕೊಳ್ಳಬೇಕಾದ್ದು ಈ ಮಧ್ಯದವರನ್ನು.

ನಮ್ಮ ಕಡೆಯ ಮುಖ ಅಲ್ಲಿ ಅಪರೂಪವಾದರೂ ಇಲ್ಲದಿಲ್ಲ. ಪಂಜಾಬಿ ಮೂಲದ ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್‌ನ ವಾಷಿಂಗ್ಟನ್ ತಂಡಕ್ಕೆ ಆಡಿದ್ದರು. ನಿಮ್ಮ ಅಳಿಯ ಗಮನಿಸಬೇಕಾದವರು ಬ್ರಿಟಿಷ್ ಕೊಲಂಬಿಯಾದ ಸರ್ರೆಯ ಅರ್ಶದೀಪ್ ಬೈನ್ಸ್. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ರೆಡ್ ಡೀರ್ ತಂಡದಲ್ಲಿ ಕೊನೆಯವರೆಗೂ ಆಡಿ, 2021-22ರಲ್ಲಿ ವೆಸ್ಟರ್ನ್ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಋತುವಿನಲ್ಲೇ ಎನ್‌ಎಚ್‌ಎಲ್‌ನ ವ್ಯಾಂಕೂವರ್ ತಂಡ ಕರೆಯಿತು. ಎನ್‌ಎಚ್‌ಎಲ್‌ನ ಮೊದಲ ಪಂದ್ಯ 2024ರ ಫೆಬ್ರವರಿಯಲ್ಲಿ. ಅಂದರೆ ಹದಿನೆಂಟಕ್ಕೆ ಹೆಸರು ಬರದಿದ್ದರೆ ಎಲ್ಲ ಮುಗಿಯಿತು ಎಂದಲ್ಲ. ಅವರ ಕೋಚ್ ಆಗಿದ್ದ ಮ್ಯಾನಿ ಮಲ್ಹೋತ್ರಾ ಕತೆ ಬೇರೆ ಥರ. 1998ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಆಯ್ಕೆಯಾದವರು. 2011ರ ಮಾರ್ಚಿನಲ್ಲಿ ಪಕ್ (ಆಟದ ಗಟ್ಟಿ ರಬ್ಬರ್ ಬಿಲ್ಲೆ) ಬಡಿದು ಎಡಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಅಷ್ಟಾಗಿಯೂ ಒಟ್ಟು 991 ಎನ್‌ಎಚ್‌ಎಲ್ ಪಂದ್ಯ ಆಡಿ, ಕೋಚಿಂಗ್‌ಗೆ ಇಳಿದು, 2025ರಲ್ಲಿ ಅಬಟ್ಸ್‌ಫರ್ಡ್ ತಂಡಕ್ಕೆ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆಲ್ಲಿಸಿಕೊಟ್ಟರು. ಗೆದ್ದ ತಂಡದಲ್ಲಿ ಬೈನ್ಸ್ ಇದ್ದರು.

ಭಾರತಕ್ಕೆ ಆಡುವ ಪ್ರಶ್ನೆ: ಹುಡುಗ ಕೆನಡಾದ ಪೌರನಾಗಿದ್ದರೆ ಆಗದು. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ನಿಯಮದಂತೆ ಆ ದೇಶದ ಪೌರತ್ವ ಬೇಕು. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪೌರತ್ವವಲ್ಲ. ಆದರೆ ಭಾರತದಲ್ಲಿ ಈ ಆಟವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಡಾಖಿನಲ್ಲಿ ಚಳಿಗಾಲವಿಡೀ ಆಡುತ್ತಾರೆ, 2025ರಲ್ಲಿ ನಮ್ಮ ಮಹಿಳೆಯರು ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದರು. ಆ ತಂಡದ ಹೆಚ್ಚಿನವರು ಕೆರೆ ಹೆಪ್ಪುಗಟ್ಟಿದಾಗ ಕಲಿತ ಲಡಾಖಿನ ಹುಡುಗಿಯರು.

ಕೊನೆಯದಾಗಿ ನಿಮ್ಮ ಐದು ಲಕ್ಷ. ವೆಸ್ಟರ್ನ್ ಲೀಗಿನ ತಂಡ ಆಟಗಾರನಿಂದ ಶುಲ್ಕ ಪಡೆಯುವುದಿಲ್ಲ; ಪಂದ್ಯದ ಸಾಮಗ್ರಿ, ಪ್ರಯಾಣ, ವಸತಿ ತಂಡದ ಖರ್ಚು. ಹಣ ಕೊಟ್ಟು ಆಡುವ ಜೂನಿಯರ್ ಲೀಗುಗಳು ಬೇರೆ ಇವೆ, ಯಾರಾದರೂ ಸೀಟಿಗೆಂದು ದುಡ್ಡು ಕೇಳಿದರೆ ಅದು ಈ ಲೀಗಲ್ಲ ಎಂದು ತಿಳಿಯಿರಿ. ಬೇಸಿಗೆ ತರಬೇತಿಯ ವಿಷಯದಲ್ಲಿ ವೃತ್ತಿಯಿಂದಲೇ ಹೇಳುತ್ತೇನೆ: ಬೆಳೆಯುವ ಹುಡುಗನ ಸೊಂಟದ ಕೀಲು ಹನ್ನೆರಡು ತಿಂಗಳೂ ಸ್ಕೇಟಿನ ಮೇಲೆ ಇರಬಾರದು. ತೊಡೆಸಂದಿನ ನೋವು ಹೊತ್ತು ನನ್ನಲ್ಲಿಗೆ ಬಂದವರಲ್ಲಿ ಎಷ್ಟೋ ಮಂದಿ ಬೇಸಿಗೆಯಲ್ಲೂ ದುಬಾರಿ ಶಿಬಿರ ಬಿಡದವರು. ಒಂದೆರಡು ತಿಂಗಳು ಮಂಜಿನಿಂದ ದೂರವಿದ್ದು ಬೇರೆ ಆಟ ಆಡಲಿ. ಬೇಕಿದ್ದರೆ ಒಳ್ಳೆಯ ಶಕ್ತಿ ತರಬೇತುದಾರರ ಬಳಿ ವಾರಕ್ಕೆ ಮೂರು ದಿನ ಹೋಗಲಿ, ಅದಕ್ಕೆ ನಿಮ್ಮ ಮೊತ್ತದ ಸಣ್ಣ ಪಾಲು ಸಾಕು. ಆಗಸ್ಟಿನಲ್ಲಿ ತಂಡದ ಶಿಬಿರಕ್ಕೆ ಮುಂಚೆ ಸ್ಕೇಟ್ ಹತ್ತಿದರೆ ಆಯಿತು.

ಉಳಿದ ಹಣವನ್ನು ಅವನ ಹೆಸರಿನಲ್ಲಿ ಠೇವಣಿ ಇಡಿ. ಇಪ್ಪತ್ತು ಮುಗಿದ ವರ್ಷ ಜೂನಿಯರ್ ಆಟ ಎಲ್ಲರಿಗೂ ಮುಗಿಯುತ್ತದೆ. ಪ್ರೊ ಒಪ್ಪಂದ ಬರದವರು ಆಗ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಲೀಗಿನ ವಿದ್ಯಾರ್ಥಿವೇತನ ಶುಲ್ಕ, ಪುಸ್ತಕ ನೋಡಿಕೊಳ್ಳುತ್ತದೆಯೇ ಹೊರತು ಬಾಡಿಗೆ, ಊಟ ನೋಡುವುದಿಲ್ಲ. ಆ ಖರ್ಚಿಗೆ ಹೆದರಿ, ಇನ್ನೊಂದು ವರ್ಷ ಎಲ್ಲಾದರೂ ಆಡಿ ನೋಡುತ್ತೇನೆ ಎಂದು ಓದಿನ ಅವಧಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಬಾಡಿಗೆಗೆ ಮಾವ ದುಡ್ಡು ಇಟ್ಟಿದ್ದಾರೆ ಎಂದು ಹುಡುಗನಿಗೆ ಈಗಲೇ ತಿಳಿದಿರಲಿ. ಠೇವಣಿ ಇಡುವ ಮೊದಲು ಉಡುಪಿಯಲ್ಲೇ ಲೆಕ್ಕ ಪರಿಶೋಧಕರೊಬ್ಬರನ್ನು ಕಂಡು, ಅನಿವಾಸಿ ಅಳಿಯನಿಗೆ ಹಣ ಕಳಿಸುವ ನಿಯಮ, ತೆರಿಗೆ ವಿಚಾರಿಸಿಕೊಳ್ಳಿ.